ಬಾಗಿಲ ಬೆಂಚು

ಸಬ್ಬತ್ತಿನ ದಿನ, ಅಂದರೆ ಭಾನುವಾರ, ಹುಟ್ಟಿದಳೆಂಬ ಕಾರಣಕ್ಕೆ ಜೋಥಮ್ ಹಾರ್ಲೊನ ಮಗಳಿಗೆ ಸಭೆಯವರು ದೀಕ್ಷಾಸ್ನಾನ ಕೊಡಲಿಲ್ಲ. ಮಗು ವಾರದ ಯಾವ ದಿನ ಹುಟ್ಟುತ್ತದೋ ಆ ದಿನವೇ ಗರ್ಭಕ್ಕೆ ಬಂದಿರುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ದೇವರಿಗೆ ಮೀಸಲಾದ ದಿನ ಆ ಗಂಡಹೆಂಡತಿ ಕೂಡಿದ್ದು ಸಾಬೀತಾಯಿತು. ಇಬ್ಬರೂ ಪಶ್ಚಾತ್ತಾಪದ ಮಾತು ಹೇಳುವವರೆಗೆ ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭುವಿನ ಮೇಜಿಗೆ ಬರಕೂಡದು, ಸಭಾಮಂದಿರದ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಬೇಕು ಎಂದು ಶಿಕ್ಷೆ ಹಾಕಿದರು.

ಅವರು ಹೇಳಲಿಲ್ಲ. ಮೂವತ್ತು ವರ್ಷ ಕಳೆಯಿತು.

ಆ ಮಗಳು, ಬೆಥಾಯ, ಈಗ ಅಪ್ಪನ ಗಡ್ಡ ಹೆರೆಯುತ್ತಿದ್ದಳು. ಅಪ್ಪ ಪೀಪಾಯಿ ಕಟ್ಟುತ್ತಿದ್ದ ಕೋಣೆಯಲ್ಲಿಯೇ ಎರಡು ಪೀಪಾಯಿಗಳ ಮೇಲೆ ಹಲಗೆ ಹಾಕಿ ಅವನನ್ನು ಮಲಗಿಸಿದ್ದರು. ನೆಲದ ತುಂಬ ಓಕ್ ಮರದ ಹೆರೆಪುಡಿ. ಕೋಣೆಯಲ್ಲಿ ಸಾವಿನ ವಾಸನೆಗಿಂತ ಮರದ ವಾಸನೆಯೇ ಹೆಚ್ಚಾಗಿತ್ತು.

"ಗದ್ದದ ಕೆಳಗೆ ನಿಧಾನ ಕಣೆ," ಎಂದಳು ತಾಯಿ ಮೆಹಿಟಬೆಲ್. "ಅಲ್ಲೊಂದು ಮಚ್ಚೆ ಇದೆ. ಯಾವಾಗ್ಲೂ ಅಲ್ಲೇ ಕುಯ್ಕೊಳ್ತಿದ್ರು."

"ಇನ್ನು ಕುಯ್ದ್ರೂ ರಕ್ತ ಬರಲ್ಲಮ್ಮ."

"ಬರ್ದಿದ್ರೂ ನಿಧಾನ."

ಸೂಲಗಿತ್ತಿ ಡಾರ್ಕಸಜ್ಜಿ ಕಿಟಕಿಯ ಬೆಳಕಿಗೆ ಕೂತು ಹೆಣಕ್ಕೆ ಸುತ್ತುವ ಬಟ್ಟೆ ಹೊಲಿಯುತ್ತಿದ್ದಳು. ಊರಿನ ಅರ್ಧ ಜನರನ್ನು ಈಚೆಗೆ ಎಳೆದವಳು ಅವಳು. ಮುಂಚಿನವರಲ್ಲಿ ಬಹಳ ಮಂದಿಯನ್ನು ಹೀಗೇ ಬಟ್ಟೆ ಸುತ್ತಿ ಆಚೆಗೆ ಕಳಿಸಿದವಳೂ ಅವಳೇ.

"ಏನು ಮಾಡ್ತಾ ಹೋದ?" ಎಂದು ಕೇಳಿದಳು.

"ಬ್ರಿಗ್ಸ್ ಹಿರಿಯರ ಮನೆ ಮರಿಗೆಗೆ ಪಟ್ಟಿ ಹೊಡೀತಿದ್ರು. ನನ್ನ ಕೂಗಿ, ಹಿಟ್ಟಿ, ಒಂಚೂರು ಕೂತ್ಕೋತೀನಿ ಅಂದ್ರು. ಕೂತ್ರು. ನಾನು ಗಂಜಿಗೆ ಕಾಕಂಬಿ ಹಾಕಿ ತರೋಷ್ಟ್ರಲ್ಲಿ ಮುಗ್ದಿತ್ತು." ಮೆಹಿಟಬೆಲ್ ಗಂಡನ ಅಂಗೈ ತೆರೆದು ಬೆರಳ ಸಂದಿಯ ಮಸಿ ಒರೆಸಿದಳು. "ಗಂಜಿ ಆಮೇಲೆ ನಾನೇ ತಿಂದೆ. ಬಿಸಿ ಇತ್ತು."

"ತಿನ್ಬೇಕಲ್ಲ ಮತ್ತೆ," ಎಂದಳು ಅಜ್ಜಿ. ನಂತರ ಬೆಥಾಯಳ ಕಡೆ ತಿರುಗಿ, "ನಿನ್ನ ಗಂಡನ ಊರಲ್ಲಿ ಮಕ್ಕಳಿಗೆ ದೀಕ್ಷೆಯ ನೀರೇ ಹಾಕಲ್ವಂತೆ?" ಎಂದಳು.

"ಇಲ್ಲಜ್ಜಿ. ನದಿಯಾಚೆ ದೊಡ್ಡೋರಾದ್ಮೇಲೆ ಹಾಕೋದು. ಹೊಳೇಲಿ ಪೂರಾ ಮುಳುಗಿಸ್ತಾರೆ."

"ಚಳಿಗಾಲದಲ್ಲೂನಾ?"

"ಚಳಿಗಾಲದಲ್ಲಿ ಯಾರಿಗೂ ಪಾಪದ ನೆನಪಾಗಲ್ಲ."

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ಸದ್ದಿಲ್ಲದೆ ನಕ್ಕಳು. ಅಷ್ಟರಲ್ಲಿ ಕೇಲೆಬ್ ಬಾಗಿಲಿಗೆ ಬಂದ. ಜೋಥಮನ ಬಳಿ ಕೆಲಸ ಕಲಿತು ಪಕ್ಕದಲ್ಲೇ ಮನೆ ಮಾಡಿಕೊಂಡವನು. ಹಿಂದಿನ ದಿನವೆಲ್ಲ ಹೆಪ್ಪುಗಟ್ಟಿದ ನೆಲದ ಮೇಲೆ ಬೆಂಕಿ ಉರಿಸಿ ಗುಂಡಿ ತೋಡಿ, ಇವತ್ತು ಬೆಳಗಿನಿಂದ ಶವದ ಪೆಟ್ಟಿಗೆ ಹೊಂದಿಸುತ್ತಿದ್ದ.

"ಅಕ್ಕ, ಬೇಲಿ ನೋಡಿದ್ರಾ?"

ಮೆಹಿಟಬೆಲ್ ಕಿಟಕಿಗೆ ಬಂದು ನೋಡಿದಳು. ನಮ್ಮಲ್ಲಿ ಹೆಣ ಹೊರುವವರಿಗೆ ಮುಂಚಿತವಾಗಿ ಕೈಗವಸು ಕಳಿಸುವುದು ಪದ್ಧತಿ. ತೊಟ್ಟು ಬಂದರೆ ಹೊರುತ್ತಾರೆ ಎಂದರ್ಥ. ಉಳ್ಳವರು ಚರ್ಮದ್ದು ಕಳಿಸುತ್ತಾರೆ; ಮೆಹಿಟಬೆಲ್ ತಾನೇ ಹೆಣೆದ ಉಣ್ಣೆಯ ಕೈಗವಸುಗಳನ್ನು ಸಭೆಯ ಆರು ಮಂದಿಗೆ ಕಳಿಸಿದ್ದಳು. ಅವೆಲ್ಲ ವಾಪಸು ಬಂದಿದ್ದವು. ತಂದವರಿಗೆ ಒಳಗೆ ಬಂದು ಕೊಡಲು ಮುಖವಿರಲಿಲ್ಲ. ಬೇಲಿಯ ಗೂಟಗಳ ತುದಿಗೆ ಒಂದೊಂದನ್ನೂ ತೊಡಿಸಿ ಹೋಗಿದ್ದರು. ಬೇಲಿಯೇ ಎರಡೂ ಕೈ ಎತ್ತಿ ನಿಂತಂತೆ ಕಾಣುತ್ತಿತ್ತು.

"ಹಿಮದಲ್ಲಿ ಬಿಸಾಕಿಲ್ಲವಲ್ಲ," ಎಂದಳು ಮೆಹಿಟಬೆಲ್. "ನೆನೆದ್ರೆ ಉಣ್ಣೆ ಕುಗ್ಗುತ್ತೆ."

ಆ ಬೇಲಿಯನ್ನು ದಾಟಿಕೊಂಡು ಎಲ್ನೇಥನ್ ಬ್ರಿಗ್ಸ್ ಬರುತ್ತಿದ್ದರು. ಸಭೆಯ ಹಿರಿಯರು. ಯಾರು ಎಲ್ಲಿ ಕೂರಬೇಕು, ಯಾರು ಎಲ್ಲಿ ನಿಲ್ಲಬೇಕು, ಯಾರ ಅಡುಗೆಮನೆಯ ಹೊಗೆ ಸಬ್ಬತ್ತಿನ ದಿನ ಎದ್ದಿತು ಎಂಬುದೆಲ್ಲ ಅವರ ಸುಪರ್ದಿಗೆ ಸೇರಿದ್ದು. ಹಿಂದೆ ಹೆಂಡತಿ ಟಾಮ್ಸಿನ್, ಬೇಯಿಸಿದ ಹುರುಳಿಯ ಮಡಕೆ ಹೊತ್ತು.

ಹಿರಿಯರು ಹೆಣದ ಮುಂದೆ ಟೋಪಿ ತೆಗೆದರು. "ಸೋದರಿ ಹಾರ್ಲೊ," ಎಂದರು.

ಡಾರ್ಕಸಜ್ಜಿಯ ಸೂಜಿ ನಿಂತಿತು. ಮೂವತ್ತು ವರ್ಷದಿಂದ ಆ ಬಾಯಲ್ಲಿ ಮೆಹಿಟಬೆಲ್ 'ಹಾರ್ಲೊನ ಹೆಂಡತಿ' ಮಾತ್ರ ಆಗಿದ್ದಳು. ಸೋದರಿ ಎನ್ನುವುದು ಸಭೆಯ ಒಳಗಿನವರಿಗೆ.

"ಯಾರನ್ನ ಕರೀತಿದೀರಿ?" ಎಂದಳು ಮೆಹಿಟಬೆಲ್. ಕೊಂಕಿಗಲ್ಲ, ನಿಜವಾಗಿಯೂ ಹಿಂದೆ ತಿರುಗಿ ನೋಡಿದ್ದಳು.

"ನಿಮ್ಮನ್ನೇ. ಈವತ್ತು ಹಳೇದನ್ನೆಲ್ಲ ಮುಗಿಸಿಬಿಡೋಣ. ಸೋದರರು ಹೊರೋಕೆ ತಯಾರಿದಾರೆ. ಗಂಟೆ ಹೊಡೆಸ್ತೀವಿ. ಜೋಥಮ್ ಮರ್ಯಾದೆಯಿಂದ ಹೆಗಲ ಮೇಲೆ ಹೋಗ್ಲಿ. ನೀವು ಮುಂದೆ ಬಂದು ವಿಧವೆಯರ ಸಾಲಲ್ಲಿ ಕೂತ್ಕೊಳ್ಳಿ, ಅಲ್ಲಿ ಗಾಳಿ ಹೊಡಿಯಲ್ಲ. ಒಂದು ಮಾತು ಹೇಳ್ಬೇಕು ಅಷ್ಟೆ. ಇಲ್ಲೇ ಹೇಳಿ ಸಾಕು, ನಾನು ಸಾಕ್ಷಿ."

"ಯಾವ ಮಾತು?"

ಅದು ಅವರಿಗೆ ಬಾಯಿಪಾಠವಾಗಿತ್ತು. "'ಆ ಸಬ್ಬತ್ತಿನ ದಿನ ಮಾಡಿದ ಅಶುದ್ಧ ಕೃತ್ಯಕ್ಕಾಗಿ ನನ್ನ ಗಂಡನ ಪರವಾಗಿಯೂ ನನ್ನ ಪರವಾಗಿಯೂ ದುಃಖಪಡುತ್ತೇನೆ.'"

ಬದುಕಿದ್ದಷ್ಟು ಕಾಲ ಜೋಥಮನ ಬಾಯಿಂದ ಹೊರಡದ ಮಾತು ಅವನು ಸತ್ತ ಮೇಲೆ ಹೆಂಡತಿಯ ಬಾಯಿಂದ ಬರಬೇಕಿತ್ತು. ಅಧಿಕಾರಕ್ಕೆ ಹೆಣವನ್ನೂ ಸೋಲಿಸಬೇಕು. ಇಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ.

ಮೆಹಿಟಬೆಲ್ ಮಗಳನ್ನು ನೋಡಿದಳು. ಬೆಥಾಯ ಕತ್ತಿ ಒರೆಸುತ್ತಿದ್ದಳು.

"ಅಶುದ್ಧ ಕೃತ್ಯ ಅಂದ್ರೆ ನೀನೇ ಕಣೆ."

"ಗೊತ್ತಮ್ಮ. ಆ ಹೆಸರು ಕೂಗಿದ್ರೂ ಓ ಅಂತೀನಿ."

"ಹೆಣದ ಮುಂದೆ ನಗ್ತೀರಲ್ಲ," ಎಂದರು ಬ್ರಿಗ್ಸ್. ಅವರ ಕೆನ್ನೆ ಕೆಂಪಾಗಿತ್ತು. "ಮಧ್ಯಾಹ್ನ ಗುರುವಾರದ ಬೋಧನೆ ಇದೆ. ಅದಕ್ಕೆ ಮುಂಚೆ ಮಣ್ಣಾಗ್ಬೇಕು. ಮನಸ್ಸು ಮಾಡಿದ್ರೆ ಹೇಳಿ ಕಳಿಸಿ, ಆರು ಹೆಗಲು ಬರುತ್ತೆ. ಇಲ್ದಿದ್ರೆ ನಿಮ್ಮಿಷ್ಟ."

ಹೋಗುವಾಗ ಮೂಲೆಯಲ್ಲಿದ್ದ ತಮ್ಮ ಮನೆಯ ಮರಿಗೆಯ ಕಡೆ ನೋಡಿದರು. ಅರ್ಧ ಪಟ್ಟಿ ಬಿದ್ದಿತ್ತು, ಅರ್ಧ ಬಿದ್ದಿರಲಿಲ್ಲ.

"ಕೇಲೆಬ್ ಮುಗಿಸಿಕೊಡ್ತಾನೆ," ಎಂದಳು ಮೆಹಿಟಬೆಲ್.

*

ಬೆಥಾಯ ಹುಟ್ಟಿದ್ದು ಡಿಸೆಂಬರಿನ ಒಂದು ಸಬ್ಬತ್ತು. ಹಿಂದಿನ ದಿನ ಸೂರ್ಯ ಇನ್ನೂ ಮೇಲಿರುವಾಗಲೇ ನೋವು ಶುರುವಾಗಿತ್ತು. ನಮ್ಮಲ್ಲಿ ಸಬ್ಬತ್ತು ಶನಿವಾರದ ಸೂರ್ಯ ಮುಳುಗಿದ ಗಳಿಗೆಗೇ ಹಿಡಿಯುತ್ತದೆ. ಆಗಿನ್ನೂ ಗಟ್ಟಿಮುಟ್ಟಾಗಿದ್ದ ಡಾರ್ಕಸ್ ಮೆಹಿಟಬೆಲಳ ಬೆನ್ನುಜ್ಜುತ್ತ, "ತಳ್ಳು ತಾಯಿ, ಬೆಳಕಿರೋವಾಗ್ಲೇ ತಳ್ಳು," ಎನ್ನುತ್ತಲೇ ಇದ್ದಳು. ಮಗು ಕೇಳಲಿಲ್ಲ. ಮರುದಿನ ನಡುಮಧ್ಯಾಹ್ನ, ಎರಡನೆಯ ಬೋಧನೆಗೆ ಗಂಟೆ ಹೊಡೆಯುತ್ತಿದ್ದಾಗ, ಆ ಗಂಟೆಗಿಂತ ಜೋರಾಗಿ ಅರಚುತ್ತ ಈಚೆ ಬಂತು.

ಡಾರ್ಕಸ್ ಮಗುವನ್ನು ಒರೆಸಿ, ಬಿಸಿನೀರು ಹಿಡಿದು ನಿಂತಿದ್ದ ಜೋಥಮನನ್ನು ಹತ್ತಿರ ಕರೆದಳು.

"ನೋಡಪ್ಪ. ನಿನ್ನೆ ಸೂರ್ಯ ಮುಳುಗೋ ಮುಂಚೆ ಹುಟ್ತು. ಆಯ್ತಾ? ನಾನು ಹಾಗೇ ಹೇಳ್ತೀನಿ. ನೀನು ತಲೆ ಅಲ್ಲಾಡಿಸು, ಸಾಕು."

"ಈಗ ತಾನೇ ಹುಟ್ತಲ್ಲ."

"ಹುಟ್ತು. ಈ ಊರಲ್ಲಿ ಬಹಳ ಮನೆಗೆ ಸೂರ್ಯ ನನ್ನ ಮಾತು ಕೇಳಿ ನಿಂತಿದಾನೆ. ನಿಮ್ಮನೆಗೂ ನಿಲ್ತಾನೆ."

ಜೋಥಮ್ ಮಗುವಿನ ಮುಖ ನೋಡಿದ. ಅದರ ಒಂದು ಕಣ್ಣು ಮಾತ್ರ ತೆರೆದಿತ್ತು. "ಬಂದ ದಿನಾನೇ ಇದರ ಹೆಸರಲ್ಲಿ ಸುಳ್ಳು ಹೇಳೋದಾ?" ಎಂದ. ಹಠಕ್ಕಲ್ಲ. ಅವನು ಕಟ್ಟಿದ ಪೀಪಾಯಿ ಸೋರಿದರೆ ಸೋರುತ್ತದೆ ಎಂದೇ ಹೇಳಿ ಕೊಡುತ್ತಿದ್ದ. ಬೇರೆ ರೀತಿ ಅವನಿಗೆ ಬರುತ್ತಿರಲಿಲ್ಲ. ಮೆಹಿಟಬೆಲ್ ಹಾಸಿಗೆಯಿಂದಲೇ, "ಇವರು ಹೇಳಿದಂಗೇ ಇರ್ಲಿ ಬಿಡಿ, ಸುಳ್ಳು ಬೇಡ," ಎಂದಳು.

ವಿಚಾರಣೆ ಸಭಾಮಂದಿರದಲ್ಲೇ ನಡೆಯಿತು. ಆಗಿನ ಬೋಧಕರು ಎತ್ತರದ ಆಳು, ತಣ್ಣನೆಯ ದನಿ.

"ಮಾರ್ಚ್ ತಿಂಗಳ ಆ ಸಬ್ಬತ್ತು ನಿನಗೆ ನೆನಪಿದೆಯೆ?"

"ಇದೆ ಅಯ್ಯಾ," ಎಂದ ಜೋಥಮ್. "ನೀವು ಗಂಡಸು ತನ್ನ ಹೆಂಡತೀನ ಸ್ವಂತ ದೇಹದ ಹಾಗೆ ಪ್ರೀತಿಸ್ಬೇಕು ಅಂತ ಬೋಧನೆ ಮಾಡಿದ್ರಿ. ಎರಡು ತಾಸು ಮಾಡಿದ್ರಿ. ಮನೆಗೆ ಹೋದ್ವಿ. ಮಾತು ಮನಸ್ಸಲ್ಲೇ ಇತ್ತು."

ಮೇಲಿನ ಅಟ್ಟದಲ್ಲಿ ಹುಡುಗರ ಕಡೆಯಿಂದ ನಗು ಕೇಳಿತು. ಕಾವಲಿನವನು ಕೋಲಿನಿಂದ ನಾಲ್ಕು ತಲೆಗೆ ಕುಟ್ಟಿದ.

"ಅದಕ್ಕಾಗಿ ದುಃಖಪಡುತ್ತೀಯಾ?"

ಜೋಥಮ್ ನಿಜಕ್ಕೂ ದುಃಖ ಇದೆಯೋ ಎಂದು ಒಳಗೆಲ್ಲ ಹುಡುಕಿದವನ ಹಾಗೆ ಕಂಡ.

"ಕದ್ದಿದ್ರೆ ಪಡ್ತಿದ್ದೆ. ಕುಡಿದು ಹೆಂಡ್ತೀನ ಹೊಡೆದಿದ್ರೆ ಪಡ್ತಿದ್ದೆ. ಇದಕ್ಕೆ ಹೆಂಗೆ ಪಡೋದು ಅಂತ ನಂಗೆ ಗೊತ್ತಿಲ್ಲ."

ಕುಡಿದು ಹೆಂಡತಿಯನ್ನು ಹೊಡೆದವರು ಆ ಸಾಲುಗಳಲ್ಲಿ ಇದ್ದರು. ಮುಂದಿನ ಸಾಲಿನಲ್ಲೂ ಇದ್ದರು. ಅವರು ವರ್ಷಕ್ಕೊಮ್ಮೆ ಎದ್ದು ನಿಂತು ದುಃಖ ಹೇಳಿಕೊಂಡು ಮತ್ತೆ ತಮ್ಮ ಜಾಗದಲ್ಲಿ ಕೂರುತ್ತಿದ್ದರು. ಜೋಥಮನಿಗೂ ಅವನ ಹೆಂಡತಿಗೂ ಬಾಗಿಲ ಬೆಂಚು ಸಿಕ್ಕಿತು.

*

ಮಧ್ಯಾಹ್ನ ಹತ್ತಿರವಾಯಿತು. ಪೆಟ್ಟಿಗೆ ಸಿದ್ಧವಾಗಿತ್ತು. ಪೀಪಾಯಿಗೆಂದು ಒಣಗಿಸಿಟ್ಟಿದ್ದ ಹಲಗೆಗಳನ್ನೇ ಹೊಂದಿಸಿದ್ದ ಕೇಲೆಬ್. "ನೀರು ಹಾಕಿದ್ರೂ ಸೋರಲ್ಲ," ಎಂದ. ಹೇಳಿ ಮುಚ್ಚಳದ ಅಂಚನ್ನು ಇನ್ನೊಮ್ಮೆ ಬೆರಳಿಂದ ಸವರಿದ.

ಟಾಮ್ಸಿನ್ ಗಂಡನೊಂದಿಗೆ ಹೋಗಿರಲಿಲ್ಲ. ಒಲೆಯ ಮುಂದೆ ನಿಂತು ಸೇಬಿನ ಮದ್ಯ ಬಿಸಿ ಮಾಡುತ್ತ, ಬಂದವರಿಗೆ ಕೊಡಲು ಬಟ್ಟಲು ಜೋಡಿಸುತ್ತಿದ್ದಳು. ಬಂದವರು ಮಾತ್ರ ಯಾರೂ ಇರಲಿಲ್ಲ. ಮೂವತ್ತು ವರ್ಷ ಈ ಊರು ಜೋಥಮನ ಮನೆಗೆ ಬಂದದ್ದು ಹಿಂಬಾಗಿಲಿನಿಂದ. ಬಾನಿ, ಮರಿಗೆ, ಬೆಣ್ಣೆ ಕಡೆಯುವ ಪಾತ್ರೆ ಎಲ್ಲ ಬೇಕಿತ್ತು. ದೀಕ್ಷಾಸ್ನಾನದ ನೀರು ತರುವ ಬಾನಿಯೂ ಅವನದೇ. ಅವನ ಮನೆಯ ಊಟ ಬೇಡ, ಅವನ ಮಗಳ ಜೊತೆ ಆಟ ಬೇಡ.

"ಟಾಮ್ಸಿನ್, ನಿನ್ನ ದೊಡ್ಡ ಮಗ ಚೆನ್ನಾಗಿದಾನಾ?" ಎಂದು ಡಾರ್ಕಸಜ್ಜಿ ದಾರ ಕಚ್ಚಿ ಕತ್ತರಿಸುತ್ತ ಕೇಳಿದಳು.

"ಚೆನ್ನಾಗಿದಾನೆ ಅಜ್ಜಿ."

"ಅವನು ಹುಟ್ಟಿದ ದಿನ ಸೂರ್ಯ ಮುಳುಗಿದ್ದು ಎಷ್ಟು ತಡ. ಜ್ಞಾಪಕ ಇದೆಯಾ? ಕೋಳಿ ಎಲ್ಲ ಗೂಡು ಸೇರಿ, ನಕ್ಷತ್ರ ಬಂದಿದ್ರೂ ಸೂರ್ಯ ಮಾತ್ರ ಹೋಗಿರ್ಲಿಲ್ಲ."

ಟಾಮ್ಸಿನ್ ಬಟ್ಟಲು ಒರೆಸುತ್ತಲೇ ಇದ್ದಳು. ಒಂದೇ ಬಟ್ಟಲನ್ನು ಬಹಳ ಹೊತ್ತು ಒರೆಸಿದಳು. ಮೆಹಿಟಬೆಲ್, "ಅಜ್ಜಿ, ಸಾಕು," ಎಂದಳು.

ಬೆಥಾಯ ತಾಯಿಯನ್ನು ಹೊರಗೆ ಕರೆದುಕೊಂಡು ಹೋದಳು. ಬೇಲಿಯ ಮೇಲೆ ಕೈಗವಸುಗಳು ಹಾಗೇ ಇದ್ದವು.

"ಅಮ್ಮ, ಹೇಳಿಬಿಡು."

"ಏನು?"

"ಅವರು ಹೇಳಿದ ಮಾತು. ನಂಗೇನೂ ಅನ್ಸಲ್ಲ. ನಂಗೆ ನಾಲ್ಕು ಮಕ್ಕಳಿದಾರೆ, ದೋಣಿ ನಡೆಸೋ ಗಂಡ ಇದಾನೆ, ಆ ಊರಲ್ಲಿ ನಾನು ಯಾವ ದಿನ ಹುಟ್ಟಿದೆ ಅಂತ ನಾಯೀನೂ ಕೇಳಲ್ಲ. ಅಪ್ಪನಿಗೆ ಗಂಟೆ ಹೊಡೀಲಿ. ಆರು ಜನದ ಹೆಗಲ ಮೇಲೆ ಹೋಗ್ಲಿ. ನೀನೂ ಕೊನೇಗಾಲದಲ್ಲಿ ಬೆಚ್ಚಗೆ ಮುಂದೆ ಕೂತ್ಕೋ. ಒಂದು ಮಾತು, ಅಷ್ಟೇ ಅಲ್ವಾ?"

ಮೆಹಿಟಬೆಲ್ ಒಂದು ಗೂಟದ ಮೇಲಿನ ಕೈಗವಸನ್ನು ತೆಗೆದು, ಹಿಮ ಕೊಡವಿ, ಮತ್ತೆ ಅಲ್ಲೇ ತೊಡಿಸಿದಳು.

"ನಿಂಗೇನೂ ಅನ್ಸಲ್ಲ. ನಂಗನ್ಸುತ್ತೆ. ನೀನು ಬಂದದ್ದಕ್ಕೆ ದುಃಖ ಪಡ್ತೀನಿ ಅಂತ ಹೆಂಗೇ ಹೇಳ್ಲಿ? ನಿಮ್ಮಪ್ಪ ಒಳಗೆ ಮಲಗಿದಾರೆ. ಕೇಳಿಸ್ಕೊಳ್ಳಲ್ಲ, ನಿಜ. ಆದ್ರೂ."

ಬೆಥಾಯ ತಾಯಿಯ ಹೆಗಲ ಮೇಲಿನ ಹಿಮ ಕೊಡವಿದಳು.

ಕೇಲೆಬ್ ಮನೆಯ ಹಿಂದಿನಿಂದ ಜಾರುಬಂಡಿ ಎಳೆದು ತಂದ. ಜೋಥಮ್ ಚಳಿಗಾಲವೆಲ್ಲ ಪೀಪಾಯಿ ಹೇರಿಕೊಂಡು ಬಂದರಿಗೆ ಒಯ್ಯುತ್ತಿದ್ದದ್ದು ಅದರಲ್ಲೇ. "ಹೆಗಲು ಸಿಗದಿದ್ರೆ ಹೋಗ್ಲಿ ಅಕ್ಕ. ಇದು ಅಣ್ಣನಿಗೆ ಅಭ್ಯಾಸದ ಬಂಡಿ."

"ಹಗ್ಗ ಬಿಗಿಯಾಗಿ ಕಟ್ಟು," ಎಂದಳು ಮೆಹಿಟಬೆಲ್. "ಇಳಿಜಾರಲ್ಲಿ ಮುಂದಕ್ಕೆ ನುಗ್ಗುತ್ತೆ ಅದು. ಅವರು ಯಾವಾಗ್ಲೂ ಬೈತಿದ್ರು."

ಬಂಡಿ ಹೊರಟಿತು. ಮುಂದೆ ಕೇಲೆಬ್ ಮತ್ತು ಆಗಷ್ಟೇ ನದಿಯಾಚೆಯಿಂದ ಬಂದ ಬೆಥಾಯಳ ಗಂಡ ಎಳೆದರು. ಗಂಟೆ ಹೊಡೆಯಲಿಲ್ಲ. ನಮ್ಮಲ್ಲಿ ಸತ್ತವರ ಮೇಲೆ ಪ್ರಾರ್ಥನೆಯೂ ಇಲ್ಲ, ಹಾಡೂ ಇಲ್ಲ. ಹೋದವನ ಗತಿ ದೇವರು ಮೊದಲೇ ತೀರ್ಮಾನಿಸಿರುತ್ತಾನಂತೆ. ಹಾಗಾಗಿ ಹಿಮದ ಮೇಲೆ ಬಂಡಿಯ ಕಿರ್ರೆನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಬೇಲಿ ದಾಟುವಾಗ ಹಿಂದೆ ಯಾರೋ ನಿಂತಂತಾಯಿತು. ಮೆಹಿಟಬೆಲ್ ತಿರುಗಿದಳು. ಟಾಮ್ಸಿನ್ ಎರಡು ಗೂಟಗಳಿಂದ ಕೈಗವಸು ಕಿತ್ತು ತೊಟ್ಟುಕೊಳ್ಳುತ್ತಿದ್ದಳು. ಅವಳ ಸಣ್ಣ ಕೈಗೆ ಅದು ದೊಡ್ಡದು. ಓಡಿ ಬಂದು ಬಂಡಿಯ ಹಿಂಬದಿಗೆ ಕೈಕೊಟ್ಟಳು.

"ಹೆಂಗಸ್ರು ಹೆಣ ಹೊರೋದು ಎಲ್ಲಾದ್ರೂ ಉಂಟಾ?" ಎಂದಳು ಡಾರ್ಕಸಜ್ಜಿ.

"ಹೊರ್ತಿಲ್ಲವಲ್ಲ ಅಜ್ಜಿ," ಎಂದಳು ಟಾಮ್ಸಿನ್. "ನೂಕ್ತಿದೀನಿ."

ದಾರಿಯಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಜನ ಬಂಡಿಯಿಂದ ದೂರವಾಗಿ ಹಿಂದೆ ನಡೆದರು. ಮೆರವಣಿಗೆಗೆ ಸೇರಿದವರಲ್ಲ ಅವರು, ಬೋಧನೆಗೆ ಹೊರಟವರು. ಸಮಾಧಿಗಳು ಸಭಾಮಂದಿರದ ದಾರಿಯಲ್ಲೇ ಇದ್ದವು, ಏನು ಮಾಡಲಾಗುತ್ತದೆ? ಕೇಲೆಬ್ ಮಣ್ಣೆಳೆಯುವಾಗ ಅವರೆಲ್ಲ ಅಲ್ಲೇ ನಿಂತು ಬೂಟಿನ ಹಿಮ ಕೊಡವಿದರು. ಇಡೀ ಊರಿನ ಬೂಟಿಗೆ ಅವತ್ತು ಅಷ್ಟೊಂದು ಹಿಮ ಹತ್ತಿತ್ತು.

*

ಶಿಕ್ಷೆ ಹಾಕುವ ಆತುರದಲ್ಲಿ ಹಿರಿಯರು ಒಂದನ್ನು ಮರೆತಿದ್ದರು.

ಸಭಾಮಂದಿರದಲ್ಲಿ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ. ನಡುವೆ ಓಣಿ. ಬೋಧಕರ ಹೆಂಡತಿಯೂ ಗಂಡನನ್ನು ದೂರದಿಂದ ನೋಡಬೇಕು. ಮದುವೆಯಾದ ದಿನದಿಂದ ಮಣ್ಣಾಗುವ ದಿನದವರೆಗೆ ದೇವರ ಮನೆಯಲ್ಲಿ ಗಂಡಹೆಂಡತಿ ಪಕ್ಕಪಕ್ಕ ಕೂತ ಉದಾಹರಣೆಯಿಲ್ಲ. ಆದರೆ ಬಾಗಿಲ ಬೆಂಚು ಒಂದೇ ಇತ್ತು. ಇಬ್ಬರು ಕೂರುವಷ್ಟು ಉದ್ದ.

ಮೊದಲ ಸಬ್ಬತ್ತು ಮೆಹಿಟಬೆಲ್ ತಲೆ ಎತ್ತಲಿಲ್ಲ. ಒಳಗೆ ಬರುವ ಹೆಂಗಸರೆಲ್ಲ ಲಂಗ ಎತ್ತಿ ದೂರ ಸರಿದು ಹೋಗುತ್ತಿದ್ದರು. ಬಾಗಿಲ ಸಂದಿಯಿಂದ ಸಮುದ್ರದ ಗಾಳಿ ಚಾಕುವಿನ ಹಾಗೆ ಬರುತ್ತಿತ್ತು. ಅವಳು ನಡುಗಿದ್ದು ಕಂಡು ಜೋಥಮ್ ಕಂಬಳಿ ತೆಗೆದು ಇಬ್ಬರ ಮೊಣಕಾಲ ಮೇಲೂ ಹೊದಿಸಿದ. ಕಾಲಡಿಗೆ ಕೆಂಡದ ಪೆಟ್ಟಿಗೆ ತಳ್ಳಿದ. ಎರಡನೆಯ ತಾಸಿನಲ್ಲಿ, ಬೋಧಕರು ನರಕದ ಬೆಂಕಿಯ ವರ್ಣನೆಗೆ ಬಂದಾಗ, ಕಂಬಳಿಯ ಕೆಳಗೆ ಅವಳ ಕೈ ಹುಡುಕಿಕೊಂಡು ಅವನ ಕೈ ಬಂತು.

"ಬೆಚ್ಚಗಾಯ್ತಾ?" ಎಂದು ತುಟಿ ಅಲುಗಿಸದೆ ಕೇಳಿದ.

ಅವಳಿಗೆ ನಗು ಬಂತು. ತಲೆ ಬಗ್ಗಿಸಿದಳು. ಮುಂದಿನ ಸಾಲಿನವರು ಹಿಂದಿರುಗಿ ನೋಡಿ, ಪಾಪ ಕಾಡುತ್ತಿದೆ, ಅಳುತ್ತಿದ್ದಾಳೆ ಎಂದುಕೊಂಡರು.

ಬ್ರಿಗ್ಸ್ ಗಮನಿಸಿದ್ದು ಮರುವರ್ಷದ ಚಳಿಗಾಲ. ಉದ್ದನೆಯ ಪ್ರಾರ್ಥನೆಯ ನಡುವೆ ಕಣ್ಣು ತೆರೆದವರು ಕಂಬಳಿ ನೋಡಿದರು. ಹಿರಿಯರ ಕೂಟ ಸೇರಿತು. ಒಬ್ಬರನ್ನು ಬೇರೆ ಕೂರಿಸಬೇಕೆಂದರೆ ಒಳಗಿನ ಸಾಲಿಗೆ ಕರೆಯಬೇಕು. ಪಶ್ಚಾತ್ತಾಪವಿಲ್ಲದೆ ಬಡ್ತಿ ಕೊಟ್ಟಂತಾಗುತ್ತದೆ. ಇನ್ನೊಂದು ಬೆಂಚು ತಂದು ಬಾಗಿಲ ಆ ಬದಿಗೆ ಹಾಕಿ ನೋಡಿದರು. ಬಾಗಿಲೇ ತೆರೆಯಲಿಲ್ಲ. ತೀರ್ಮಾನ ತಪ್ಪಾಯಿತು ಎನ್ನೋಣವೇ ಎಂದರೆ, ಸಭೆಯ ತೀರ್ಮಾನ ಪವಿತ್ರಾತ್ಮನ ತೀರ್ಮಾನ. ಪವಿತ್ರಾತ್ಮ ಬೆಂಚಿನ ಉದ್ದ ಅಳೆಯಲು ಮರೆತ ಎಂದು ಬರೆಯಲಾಗುತ್ತದೆಯೆ?

ಹಾಗೆ ಅದು ಉಳಿಯಿತು. ಮಗಳು ಅವರ ಕಾಲ ಬಳಿ ಕೂತು ಬೆಳೆದಳು, ನದಿ ದಾಟಿ ಹೋದಳು. ಯಾರೂ ಊಟಕ್ಕೆ ಕರೆಯದ ಕಾರಣ ಎರಡು ಬೋಧನೆಗಳ ನಡುವಿನ ಹೊತ್ತಿನಲ್ಲಿ ಇಬ್ಬರೂ ಸಮುದ್ರದ ಜವುಗು ಹುಲ್ಲಿನ ಅಂಚಿಗೆ ಹೋಗಿ ಜೋಳದ ರೊಟ್ಟಿ ತಿನ್ನುತ್ತಿದ್ದರು. ಬೇಸಿಗೆಯಲ್ಲಿ ಕೊಕ್ಕರೆ ಎಣಿಸುತ್ತಿದ್ದರು. ಒಮ್ಮೆ ಜೋಥಮ್, "ಹಿಟ್ಟಿ, ನಮ್ಮನ್ನ ಕ್ಷಮಿಸಿಬಿಟ್ರೆ ಏನ್ ಗತಿ?" ಎಂದಿದ್ದ. ರೊಟ್ಟಿ ಗಂಟಲಿಗೆ ಸಿಕ್ಕುವಷ್ಟು ನಕ್ಕಿದ್ದಳು ಅವಳು.

*

ಮಣ್ಣಿನ ಕೆಲಸ ಮುಗಿಸಿ ಎಲ್ಲರೂ ಸಭಾಮಂದಿರಕ್ಕೆ ಬಂದರು. ಗಂಡಸರು ಆ ಬದಿ, ಹೆಂಗಸರು ಈ ಬದಿ. ಬೆಥಾಯ ಮತ್ತು ಅವಳ ಗಂಡ ಪರವೂರಿನವರ ಜಾಗಕ್ಕೆ ಹೋದರು. ಟಾಮ್ಸಿನ್ ಮುಂದಿನ ಸಾಲಿನ ತನ್ನ ಜಾಗದಲ್ಲಿ ಕೂತಳು. ಕೈಯಲ್ಲಿ ಆ ದೊಡ್ಡ ಕೈಗವಸು ಇನ್ನೂ ಇತ್ತು.

ಮೆಹಿಟಬೆಲ್ ಬಾಗಿಲ ಬೆಂಚಿನ ತನ್ನ ತುದಿಯಲ್ಲಿ ಕೂತಳು. ಕೆಂಡದ ಪೆಟ್ಟಿಗೆಯನ್ನು ಅಭ್ಯಾಸದಂತೆ ನಡುವಿಗೆ ಇಟ್ಟಳು. ಅಲ್ಲಿಂದ ಅವಳ ಕಾಲಿಗೆ ಅರ್ಧ ಶಾಖವಷ್ಟೇ ತಾಗುತ್ತಿತ್ತು.

ಈಗಿನ ಬೋಧಕರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ; ಈ ಪ್ರಕರಣ ಅವರಿಗಿಂತ ಹಳೆಯದು. ಮೃದು ಸ್ವಭಾವದವರು. ವೇದಿಕೆಯಿಂದ ಅವಳನ್ನು ನೋಡಿದರು. ಮರಳುಗಡಿಯಾರ ತಿರುಗಿಸಲು ಎತ್ತಿದ ಕೈಯನ್ನು ಇಳಿಸಿದರು.

"ತಾಯೀ," ಎಂದರು, "ಈ ದಿನ ಯಾರೂ ನಿಮ್ಮನ್ನ ಏನೂ ಕೇಳೋದಿಲ್ಲ. ಯಾವ ಮಾತೂ ಹೇಳಬೇಕಾಗಿಲ್ಲ. ನಿಮ್ಮ ಶಿಕ್ಷೆ ಮುಗೀತು. ಎದ್ದು ಮುಂದೆ ಬನ್ನಿ. ಇಲ್ಲಿ ಬೆಚ್ಚಗಿದೆ."

ಅಂಥ ದನಿಯನ್ನು ಆ ಕಟ್ಟಡದಲ್ಲಿ ಮೆಹಿಟಬೆಲ್ ಕೇಳಿರಲಿಲ್ಲ. ಬೆಳಗಿನಿಂದ ನಿಂತು ನಡೆದು ಅವಳು ದಣಿದಿದ್ದಳು. ಮುಂದಿನ ಸಾಲಿನ ಹೆಂಗಸರು ಆಗಲೇ ಸರಿದು ಜಾಗ ಮಾಡಿದ್ದರು. ಅವಳು ಬೆಂಚಿಗೆ ಕೈ ಊರಿದಳು. ಅರ್ಧ ಎದ್ದಳು.

ಬ್ರಿಗ್ಸ್ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಆ ಗೆಲುವನ್ನು ಮೂವತ್ತು ವರ್ಷ ಕಾದವರು ಅವರು.

"ಎದ್ದು ಬಂದದ್ದನ್ನೇ ಪಶ್ಚಾತ್ತಾಪ ಅಂತ ಸಭೆ ಎಣಿಸುತ್ತೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಇಬ್ಬರ ಪರವಾಗಿಯೂ."

ಮೆಹಿಟಬೆಲ್ ಹಾಗೇ ನಿಂತಳು. ಪರವೂರಿನವರ ಸಾಲಿನಲ್ಲಿದ್ದ ಮಗಳನ್ನು ನೋಡಿದಳು. ಆಮೇಲೆ ನಿಧಾನವಾಗಿ ಮತ್ತೆ ಕೂತಳು. ಬೆಂಚು ಕಿರುಗುಟ್ಟಿತು.

"ಶಿಕ್ಷೆ ಅಂದ್ರಲ್ಲ ಅಯ್ಯಾ," ಎಂದಳು ಬೋಧಕರಿಗೆ, "ಯಾವ ಶಿಕ್ಷೆ?"

ಬೋಧಕರು ಬ್ರಿಗ್ಸ್ ಅವರ ಮುಖ ನೋಡಿದರು.

"ಇಲ್ಲಿ ಗಾಳಿ ಹೊಡಿಯುತ್ತೆ, ಹೌದು. ಜನ ಮಾತಾಡಿಸ್ಲಿಲ್ಲ, ಅದೂ ಹೌದು. ಮೊದಮೊದಲು ಅತ್ತೆ. ಆದ್ರೆ ಪ್ರತಿ ಸಬ್ಬತ್ತು, ಪ್ರತಿ ಗುರುವಾರ, ನಾನು ನನ್ನ ಗಂಡನ ಪಕ್ಕ ಕೂತೆ. ಅವರು ನಿದ್ದೆ ಹೋದ್ರೆ ನಾನು ತಿವೀತಿದ್ದೆ. ನಾನು ನಡುಗಿದ್ರೆ ಅವರು ಕಂಬಳಿ ಎಳೀತಿದ್ರು. ಈ ಮಂದಿರದಲ್ಲಿ ಇನ್ಯಾರಿಗೆ ಸಿಕ್ಕಿದೆ ಅದು? ಕೈ ಎತ್ತಿ ನೋಡೋಣ."

ಯಾರೂ ಕೈ ಎತ್ತಲಿಲ್ಲ. ಆದರೆ ಹೆಂಗಸರ ಬದಿಯಿಂದ ಒಂದೊಂದೇ ತಲೆ ಓಣಿಯ ಆಚೆಗೆ ತಿರುಗಿತು. ಗಂಡಸರು ತಮ್ಮ ಟೋಪಿಗಳನ್ನು ನೋಡಿಕೊಂಡರು. ಡಾರ್ಕಸಜ್ಜಿ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಟಾಮ್ಸಿನ್ ಮಾತ್ರ ಆಚೆ ನೋಡಲಿಲ್ಲ. ಕೈಗವಸು ತೊಟ್ಟ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಹೆಣೆದುಕೊಂಡು ಕೂತಿದ್ದಳು.

ಬ್ರಿಗ್ಸ್ ಓಣಿಯಲ್ಲಿ ನಡೆದು ಬಂದು ಬೆಂಚಿನ ಮುಂದೆ ನಿಂತರು. ಅವರ ಉಸಿರು ಬಿಳಿಯಾಗಿ ಬರುತ್ತಿತ್ತು.

"ಏಳು," ಎಂದರು. ಈಗ ಸೋದರಿಯೂ ಇಲ್ಲ, ನೀವೂ ಇಲ್ಲ. "ಸಭೆಯ ಮಾತು ಇದು. ಎದ್ದು ಮುಂದೆ ನಡಿ."

ಮೆಹಿಟಬೆಲ್ ತೊಡೆಯ ಮೇಲಿದ್ದ ಕಂಬಳಿಯನ್ನು ಬಿಡಿಸಿದಳು. ಅರ್ಧ ತನ್ನ ಮೊಣಕಾಲ ಮೇಲೆ ಹಾಕಿಕೊಂಡು ಇನ್ನರ್ಧವನ್ನು ಪಕ್ಕದ ಖಾಲಿ ಜಾಗದ ಮೇಲೆ ಹರಡಿದಳು. ಮಡಿಕೆ ಬೀಳದಂತೆ ಅಂಗೈಯಿಂದ ಸವರಿದಳು.

"ಏಳಲ್ಲ," ಎಂದಳು, ಆ ಕಡೆಯ ಅಂಚನ್ನು ಗಾಳಿ ನುಗ್ಗದಂತೆ ಬೆಂಚಿನ ಸಂದಿಗೆ ಸಿಕ್ಕಿಸುತ್ತ.